4 ಎಂಬಿ ಫೋಟೋವನ್ನು 400 ಕೆಬಿಗೆ ಇಳಿಸುವ ದಾರಿ

ಫೋನಿನಲ್ಲಿ ತೆಗೆದ ಫೋಟೋವನ್ನು ಎಲ್ಲಾದರೂ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. ಸಿಕ್ಕಿದ ಆಪ್‌ನಲ್ಲಿ ಹಾಕಿ ಚಿಕ್ಕದು ಮಾಡಿ ಕಳಿಸಿದರೆ ಆ ಕಡೆಯಿಂದ, "ಏನೂ ಕಾಣ್ತಿಲ್ಲ ಸಾರ್, ಇನ್ನೊಂದು ಕಳಿಸಿ" ಅಂತ ಉತ್ತರ ಬರುತ್ತದೆ. ಇವೆರಡರ ನಡುವೆ ಒಂದು ಹದ ಇದೆ. ಅದು ಸಿಗಬೇಕಾದರೆ ಯಾವ ಆಪ್ ಒಳ್ಳೆಯದು ಅಂತ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನೋಡುವವರಿಗೆ ಈ ಫೋಟೋದಲ್ಲಿ ಏನು ಕಾಣಬೇಕು?

ಚಿಕ್ಕಬಳ್ಳಾಪುರದ ಸುತ್ತಮುತ್ತ ಇದು ದಿನಾ ನಡೆಯುವ ವ್ಯವಹಾರ. ದ್ರಾಕ್ಷಿ ಎಲೆಗೆ ಯಾವ ರೋಗ ಬಂದಿದೆ ಅಂತ ಕೇಳಲು ಒಂದು ಫೋಟೋ. ಶಿಡ್ಲಘಟ್ಟದ ಕಡೆಯಿಂದ ಮುದುಡಿಕೊಂಡ ಹಿಪ್ಪುನೇರಳೆ ಸೊಪ್ಪಿನದು ಇನ್ನೊಂದು. ಬ್ಯಾಂಕ್ ಪರೀಕ್ಷೆಯ ಅರ್ಜಿಗೆ ಮುಖದ ಫೋಟೋ, ಸಹಿಯ ಫೋಟೋ. ಭಾನುವಾರ ನಂದಿ ಬೆಟ್ಟ ಹತ್ತಿ ಬಂದವರ ಮಂಜಿನ ಫೋಟೋಗಳಂತೂ ಲೆಕ್ಕವಿಲ್ಲ. ಎಲ್ಲಕ್ಕೂ ಒಂದೇ ಅಳತೆ ಹೊಂದುವುದಿಲ್ಲ. ಆದರೆ ಮಾಡುವ ಕ್ರಮ ಹೆಚ್ಚುಕಡಿಮೆ ಒಂದೇ: ಮೊದಲು ಕತ್ತರಿಸುವುದು, ಆಮೇಲೆ ಕುಗ್ಗಿಸುವುದು, ಕೊನೆಗೆ ತೂಕ ಇಳಿಸುವುದು.

ಅಳತೆ ಬೇರೆ, ತೂಕ ಬೇರೆ

ಫೋಟೋಗೆ ಎರಡು ಲೆಕ್ಕಗಳಿವೆ. ಒಂದು ಪಿಕ್ಸೆಲ್ ಲೆಕ್ಕ, ಅಂದರೆ ಅಗಲಕ್ಕೆ ಮತ್ತು ಎತ್ತರಕ್ಕೆ ಎಷ್ಟು ಚುಕ್ಕೆ ಅನ್ನುವುದು. ಇನ್ನೊಂದು ಕೆಬಿ ಅಥವಾ ಎಂಬಿ ಲೆಕ್ಕ, ಅಂದರೆ ಫೈಲಿನ ತೂಕ. ಜನ ಎರಡಕ್ಕೂ "ಸೈಜ್" ಅಂತಲೇ ಹೇಳುತ್ತಾರೆ. ಅರ್ಧ ಗೊಂದಲ ಅಲ್ಲೇ ಹುಟ್ಟುವುದು.

12 ಮೆಗಾಪಿಕ್ಸೆಲ್ ಫೋಟೋ ಸಾಮಾನ್ಯವಾಗಿ 4000 ಪಿಕ್ಸೆಲ್ ಅಗಲ, 3000 ಎತ್ತರ ಇರುತ್ತದೆ. ಗುಣಿಸಿದರೆ 1 ಕೋಟಿ 20 ಲಕ್ಷ ಚುಕ್ಕೆ. ಒಂದೊಂದು ಚುಕ್ಕೆಗೆ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್ ಬೇಕು. ಹಾಗೇ ಇಟ್ಟರೆ ಒಂದು ಫೋಟೋ 36 ಎಂಬಿ ಆಗುತ್ತಿತ್ತು. ಅದನ್ನು 3–4 ಎಂಬಿಗೆ ತರುವುದು ಜೆಪೆಗ್ ಅನ್ನುವ ಫೈಲ್ ರೂಪ. ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಗಳನ್ನು ಬಿಟ್ಟು, ಉಳಿದದ್ದನ್ನು ಒತ್ತಿ ಇಡುತ್ತದೆ. ಬಿಟ್ಟದ್ದು ಮತ್ತೆ ಬರುವುದಿಲ್ಲ. ಒಂದೇ ಜೆಪೆಗ್ ಫೈಲನ್ನು ತೆರೆದು, ತಿದ್ದಿ, ಸೇವ್ ಮಾಡುತ್ತಾ ಹೋದರೆ ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ. ಹಾಗಾಗಿ ಏನೇ ಮಾಡಿದರೂ ಕಾಪಿಯ ಮೇಲೆ ಮಾಡಿ. ಮೂಲ ಫೋಟೋ ಮುಟ್ಟಬೇಡಿ. ಕಾಪಿಯ ಹೆಸರಿನ ಕೊನೆಗೆ 1200 ಅಂತಲೋ "ಚಿಕ್ಕದು" ಅಂತಲೋ ಸೇರಿಸಿಬಿಟ್ಟರೆ ಆಮೇಲೆ ಯಾವುದು ಯಾವುದು ಅಂತ ತಡಕಾಡುವುದು ತಪ್ಪುತ್ತದೆ.

ಅದೇ ಫೋಟೋವನ್ನು 1200×900 ಪಿಕ್ಸೆಲ್‌ಗೆ ತಂದರೆ ಚುಕ್ಕೆಗಳು 10 ಲಕ್ಷ 80 ಸಾವಿರಕ್ಕೆ ಇಳಿಯುತ್ತವೆ. ಹನ್ನೊಂದರಲ್ಲಿ ಒಂದು ಪಾಲು. ಫೈಲಿನ ತೂಕವೂ ಧಡಕ್ಕನೆ ಇಳಿಯುತ್ತದೆ. ಫೋನಿನ ಪರದೆಯಲ್ಲಿ ನೋಡುವವರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಏಕೆಂದರೆ ಹೆಚ್ಚಿನ ಫೋನುಗಳ ಪರದೆಯ ಅಗಲವೇ 1080 ಪಿಕ್ಸೆಲ್ ಆಸುಪಾಸು.

"ನನ್ನದು 50 ಮೆಗಾಪಿಕ್ಸೆಲ್ ಫೋನು" ಅನ್ನುವವರು ಗಾಬರಿಯಾಗಬೇಕಿಲ್ಲ. ಅಂಥ ಫೋನುಗಳು ಸಾಮಾನ್ಯವಾಗಿ ನಾಲ್ಕು ನಾಲ್ಕು ಪಿಕ್ಸೆಲ್ ಒಟ್ಟು ಮಾಡಿ ಸುಮಾರು 12 ಮೆಗಾಪಿಕ್ಸೆಲ್ ಫೋಟೋವನ್ನೇ ಕೊಡುತ್ತವೆ. ಪೂರ್ತಿ 50 ಬೇಕಾದರೆ ಕ್ಯಾಮೆರಾದಲ್ಲಿ ಬೇರೆ ಮೋಡ್ ಆರಿಸಬೇಕು.

ಡಿಪಿಐ ಅನ್ನುವ ಮೂರನೇ ಸಂಖ್ಯೆಯೊಂದು ಕಾಣಿಸುತ್ತದೆ, 72 ಅಂತಲೋ 300 ಅಂತಲೋ. ಅದು ಪ್ರಿಂಟ್ ಹಾಕುವಾಗಿನ ಸೂಚನೆ. ಪರದೆಯ ಮೇಲೆ ನೋಡುವ ಫೋಟೋಗೆ ಅದನ್ನು ಬದಲಾಯಿಸಿದರೂ ಒಂದೇ, ಬಿಟ್ಟರೂ ಒಂದೇ.

ಮೊದಲು ಕತ್ತರಿ

ಇದೊಂದು ಹೆಜ್ಜೆ ಮಾಡಿದರೆ ಉಳಿದದ್ದರಲ್ಲಿ ಸ್ವಲ್ಪ ಎಡವಿದರೂ ನಡೆಯುತ್ತದೆ. ಆದರೆ ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ದ್ರಾಕ್ಷಿ ತೋಟದ ಉದಾಹರಣೆ ತೆಗೆದುಕೊಳ್ಳಿ. ಚಪ್ಪರದ ಕೆಳಗೆ ನಿಂತು ಇಡೀ ಬಳ್ಳಿ ಬರುವ ಹಾಗೆ 4000×3000ರ ಫೋಟೋ ತೆಗೆದಿದ್ದೀರಿ. ಅದರಲ್ಲಿ ರೋಗ ಬಂದ ಎಲೆ 500 ಪಿಕ್ಸೆಲ್ ಅಗಲ ಇದೆ ಅಂದುಕೊಳ್ಳಿ. ಎಲೆಯ ಮೇಲಿನ ಹಳದಿ ಮಚ್ಚೆ 60 ಪಿಕ್ಸೆಲ್. ಈಗ ಇಡೀ ಫೋಟೋವನ್ನು 1000×750ಕ್ಕೆ ಕುಗ್ಗಿಸಿದರೆ ಎಲೆ 125 ಪಿಕ್ಸೆಲ್ ಆಗುತ್ತದೆ, ಮಚ್ಚೆ 15. ಹದಿನೈದು ಪಿಕ್ಸೆಲ್‌ನಲ್ಲಿ ಅದು ರೋಗವೋ, ಔಷಧಿ ಸಿಂಪಡಿಸಿದ ಕಲೆಯೋ, ಬಿಸಿಲು ಬಿದ್ದದ್ದೋ ಯಾವ ತಜ್ಞರಿಗೂ ಗೊತ್ತಾಗುವುದಿಲ್ಲ.

ಇದನ್ನೇ ಬೇರೆ ಥರ ಮಾಡಿ. ಕುಗ್ಗಿಸಲೇ ಬೇಡಿ. ಮೂಲ ಫೋಟೋದಲ್ಲಿ ಆ ಎಲೆಯ ಸುತ್ತ 1000×750 ಪಿಕ್ಸೆಲ್‌ನಷ್ಟು ಜಾಗ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ. ಫೋಟೋದ ಅಳತೆ ಅಷ್ಟೇ ಇರುತ್ತದೆ, ತೂಕವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮಚ್ಚೆ ಈಗ ಪೂರ್ತಿ 60 ಪಿಕ್ಸೆಲ್. ಉದ್ದ ಅಗಲ ಎರಡರಲ್ಲೂ ನಾಲ್ಕು ಪಟ್ಟು. ಅಂದರೆ ಆ ಮಚ್ಚೆಯ ಬಗ್ಗೆ ಹದಿನಾರು ಪಟ್ಟು ಜಾಸ್ತಿ ಚುಕ್ಕೆ ನೋಡುವವರ ಕೈಗೆ ಸಿಕ್ಕಿತು.

ಎಲೆ ರೋಗದ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಬೂಜು ರೋಗವಾದರೆ ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಬಿದ್ದಂಥ ಹಳದಿ ಮಚ್ಚೆ ಕಾಣುತ್ತದೆ, ಅದರ ನೇರ ಕೆಳಗೆ ಎಲೆಯ ತಳಭಾಗದಲ್ಲಿ ಬಿಳಿ ಬೂಜು ಕಟ್ಟಿರುತ್ತದೆ. ಬೂದಿ ರೋಗವಾದರೆ ಬೂದಿ ಎರಚಿದಂತೆ ಹೆಚ್ಚಾಗಿ ಎಲೆಯ ಮೇಲ್ಭಾಗದಲ್ಲೇ ಇರುತ್ತದೆ. ಆದ್ದರಿಂದ ಎಲೆಯ ಮುಂಭಾಗ ಒಂದು, ಹಿಂಭಾಗ ಒಂದು, ಇಡೀ ಬಳ್ಳಿ ಒಂದು, ಹೀಗೆ ಮೂರು ಚಿಕ್ಕ ಫೋಟೋ ಕಳಿಸಿ. ಒಂದು ದೊಡ್ಡ ಫೋಟೋಗಿಂತ ಈ ಮೂರು ಸೇರಿ ತೂಕ ಕಡಿಮೆ, ಉಪಯೋಗ ಜಾಸ್ತಿ.

ಕತ್ತರಿಸುವುದಕ್ಕೆ ವಿಶೇಷ ಆಪ್ ಬೇಡ. ಫೋನಿನ ಗ್ಯಾಲರಿಯಲ್ಲಿ ಫೋಟೋ ತೆರೆದು ಎಡಿಟ್ ಒತ್ತಿ, ಕ್ರಾಪ್ ಆರಿಸಿ, ಮೂಲೆಗಳನ್ನು ಎಳೆಯಿರಿ. ಸೇವ್ ಮಾಡುವಾಗ "ಸೇವ್ ಆಸ್ ಕಾಪಿ" ಅಂತ ಇದ್ದರೆ ಅದನ್ನೇ ಒತ್ತಿ. ವಸ್ತುವಿನ ಸುತ್ತ ಸ್ವಲ್ಪ ಜಾಗ ಬಿಡಿ. ತೀರಾ ಅಂಟಿಕೊಂಡಂತೆ ಕತ್ತರಿಸಿದರೆ ಅದು ಎಷ್ಟು ದೊಡ್ಡದು ಅನ್ನುವ ಅಂದಾಜೇ ತಪ್ಪುತ್ತದೆ. ಹುಳದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡುವವರು ಬುದ್ಧಿವಂತರು.

ಎಷ್ಟಕ್ಕೆ ಇಳಿಸಬೇಕು

ಕತ್ತರಿಸಿದ ಮೇಲೂ ಫೋಟೋ ದೊಡ್ಡದಿದ್ದರೆ ಕುಗ್ಗಿಸಬೇಕು. ಉದ್ದದ ಬದಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ, ಇನ್ನೊಂದು ಬದಿ ತಾನಾಗಿಯೇ ಹೊಂದಿಕೊಳ್ಳುತ್ತದೆ. ಫೋನಿನಲ್ಲಿ ಮಾತ್ರ ನೋಡುವ ಫೋಟೋಗೆ 1200 ಸಾಕು. ಕಂಪ್ಯೂಟರಿನಲ್ಲೂ ನೋಡುತ್ತಾರೆ ಅಂದರೆ 1600. ಇಡೀ ಪರದೆ ತುಂಬಬೇಕಾದರೆ 1920, ಏಕೆಂದರೆ ಫುಲ್ ಎಚ್‌ಡಿ ಪರದೆಯ ಅಗಲ ಅದೇ. ಬರಹದ ನಡುವೆ ಚಿಕ್ಕದಾಗಿ ಕೂರಿಸುವ ಫೋಟೋಗೆ 800 ಕೂಡ ಆದೀತು.

ಚಿಕ್ಕದನ್ನು ದೊಡ್ಡದು ಮಾಡಲು ಮಾತ್ರ ಹೋಗಬೇಡಿ. 400 ಪಿಕ್ಸೆಲ್ ಫೋಟೋವನ್ನು 1600 ಮಾಡಿದರೆ ತೂಕ ಏರುತ್ತದೆ, ವಿವರ ಬರುವುದಿಲ್ಲ. ಈಗ ಎಐ ಬಳಸಿ ಸ್ಪಷ್ಟ ಮಾಡಿಕೊಡುವ ಆಪ್‌ಗಳಿವೆ. ಅವು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಹುಟ್ಟುಹಬ್ಬದ ಫೋಟೋಗೆ ಪರವಾಗಿಲ್ಲ. ಎಲೆ ರೋಗಕ್ಕೆ, ಶಾಸನದ ಅಕ್ಷರಕ್ಕೆ, ಗಾಯದ ಫೋಟೋಗೆ ಅದು ಬೇಡವೇ ಬೇಡ. ಊರ ಮುಂದಿನ ವೀರಗಲ್ಲಿನ ಮೇಲೆ ಯಾರೂ ಕೆತ್ತದ ಅಕ್ಷರ ಹುಟ್ಟಿಕೊಂಡರೆ ಓದುವವರ ಗತಿ ಏನು?

ಫೋನಿನಲ್ಲಿ ಮಾಡುವುದು

ಪ್ಲೇ ಸ್ಟೋರ್‌ನಲ್ಲಿ ಇದಕ್ಕೆ ಆಪ್‌ಗಳು ರಾಶಿ ಇವೆ. ಜಾಹೀರಾತಿನ ಕಾಟ ಬೇರೆ. ನಾನು ಹೇಳುವುದು ಸ್ಕ್ವೂಶ್. ಇದು ಗೂಗಲ್‌ನವರು 2018ರಲ್ಲಿ ಬಿಟ್ಟ ಉಚಿತ ಸಾಧನ. ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರಿನಲ್ಲಿ ಸ್ಕ್ವೂಶ್ ಡಾಟ್ ಆಪ್ (squoosh.app) ಅಂತ ಟೈಪ್ ಮಾಡಿದರೆ ಸಾಕು. ಫೋಟೋ ಕುಗ್ಗಿಸುವ ಕೆಲಸ ನಿಮ್ಮ ಫೋನಿನ ಒಳಗೇ ನಡೆಯುತ್ತದೆ, ಯಾರದೋ ಸರ್ವರ್‌ಗೆ ಫೋಟೋ ಹೋಗುವುದಿಲ್ಲ. ಆಧಾರ್ ಕಾರ್ಡು, ಸಹಿ, ಮಕ್ಕಳ ಫೋಟೋ ಇದ್ದಾಗ ಇದು ಸಣ್ಣ ವಿಷಯ ಅಲ್ಲ.

ಮಾಡುವ ರೀತಿ ಹೀಗೆ:

1. ಸ್ಕ್ವೂಶ್ ತೆರೆದು, ಕತ್ತರಿಸಿದ ಕಾಪಿಯನ್ನು ಆರಿಸಿ.
2. ಎಡಿಟ್ ಅನ್ನುವ ಭಾಗದಲ್ಲಿ "ರೀಸೈಜ್" ಆನ್ ಮಾಡಿ. ಅಗಲದ ಜಾಗದಲ್ಲಿ ನಿಮಗೆ ಬೇಕಾದ ಸಂಖ್ಯೆ ಹಾಕಿ. "ಮೇಂಟೇನ್ ಆಸ್ಪೆಕ್ಟ್ ರೇಶಿಯೋ" ಟಿಕ್ ಇದೆಯಾ ನೋಡಿ. ಇಲ್ಲದಿದ್ದರೆ ಮುಖಗಳು ಉಬ್ಬುತ್ತವೆ ಅಥವಾ ಸೊರಗುತ್ತವೆ.
3. ಕಂಪ್ರೆಸ್ ಅನ್ನುವ ಭಾಗದಲ್ಲಿ "ಮೋಜ್‌ಜೆಪೆಗ್" ಇರಲಿ. ಕ್ವಾಲಿಟಿ 75ರಿಂದ 80ರ ಹತ್ತಿರ ಇಡಿ.
4. ನಡುವಿನ ಗೆರೆಯನ್ನು ಆ ಕಡೆ ಈ ಕಡೆ ಎಳೆದು ಮೊದಲಿನದ್ದು, ಈಗಿನದ್ದು ಹೋಲಿಸಿ. ಕಾಣಬೇಕಾದ ಜಾಗಕ್ಕೆ ಝೂಮ್ ಮಾಡಿ ನೋಡಿ.
5. ಹೊಸ ತೂಕ ಕೆಳಗೆ ಕಾಣುತ್ತದೆ. ಸರಿ ಅನ್ನಿಸಿದರೆ ಡೌನ್‌ಲೋಡ್ ಒತ್ತಿ.

ಐಫೋನ್ ಇದ್ದವರಿಗೆ ಒಂದು ತೊಡಕು ಎದುರಾಗಬಹುದು. 2017ರ ಐಒಎಸ್ 11ರಿಂದ ಐಫೋನ್‌ಗಳು ಫೋಟೋವನ್ನು ಹೈಕ್ (HEIC) ಅನ್ನುವ ರೂಪದಲ್ಲಿ ಇಡುತ್ತವೆ. ತೂಕ ಕಡಿಮೆ, ಆದರೆ ಎಷ್ಟೋ ಕಡೆ ತೆರೆಯುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸಿದರೆ ಮುಂದಿನ ಫೋಟೋಗಳು ಜೆಪೆಗ್ ಆಗಿಯೇ ಬರುತ್ತವೆ.

ಕಂಪ್ಯೂಟರಿನಲ್ಲಿ

ವಿಂಡೋಸ್ 11 ಇದ್ದರೆ ಅದರ ಜೊತೆಗೇ ಬರುವ ಫೋಟೋಸ್ ಆಪ್ ಸಾಕು. ಫೋಟೋ ತೆರೆದು ಮೂರು ಚುಕ್ಕಿಯ ಮೆನುವಿನಲ್ಲಿ "ರೀಸೈಜ್ ಇಮೇಜ್" ಆರಿಸಿ. ಅಳತೆ, ಕ್ವಾಲಿಟಿ ಎರಡನ್ನೂ ಅಲ್ಲೇ ಬದಲಾಯಿಸಬಹುದು. ಈಗಿನ ತೂಕ ಎಷ್ಟು, ಹೊಸ ತೂಕ ಎಷ್ಟು ಅಂತ ಅದೇ ತೋರಿಸುತ್ತದೆ.

ಪೇಂಟ್ ಎಲ್ಲ ವಿಂಡೋಸ್‌ನಲ್ಲೂ ಇರುತ್ತದೆ, ಸೈಬರ್ ಸೆಂಟರಿನ ಹಳೇ ಕಂಪ್ಯೂಟರಿನಲ್ಲೂ. ಕಂಟ್ರೋಲ್ ಮತ್ತು ಡಬ್ಲ್ಯೂ ಒಟ್ಟಿಗೆ ಒತ್ತಿದರೆ ರೀಸೈಜ್ ಪೆಟ್ಟಿಗೆ ಬರುತ್ತದೆ. ಪರ್ಸೆಂಟೇಜ್ ಬಿಟ್ಟು ಪಿಕ್ಸೆಲ್ಸ್ ಆರಿಸಿ, ಅಗಲ ಕೊಟ್ಟು ಓಕೆ ಒತ್ತಿ. "ಸೇವ್ ಆಸ್" ಹೋಗಿ ಜೆಪೆಗ್ ಆರಿಸಿ, ಬೇರೆ ಹೆಸರು ಕೊಡಿ. ಬರೀ ಸೇವ್ ಒತ್ತಿದರೆ ಮೂಲ ಫೋಟೋ ಹೋಯಿತು ಅಂತಲೇ ಲೆಕ್ಕ. ಪೇಂಟ್‌ನ ಕೊರತೆ ಅಂದರೆ ಕ್ವಾಲಿಟಿ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಇನ್ನೂ ಹೆಚ್ಚು ಹಿಡಿತ ಬೇಕು ಅನ್ನುವವರಿಗೆ ಜಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್ ಇದೆ, ಅದೂ ಉಚಿತ. ಮ್ಯಾಕ್‌ನಲ್ಲಾದರೆ ಪ್ರಿವ್ಯೂ ತೆರೆದು ಟೂಲ್ಸ್ ಮೆನುವಿನಲ್ಲಿ "ಅಡ್ಜಸ್ಟ್ ಸೈಜ್".

ಮಂಜು ಹಗುರ, ಹೂವು ಭಾರ

ಒಂದೇ ಅಳತೆ, ಒಂದೇ ಕ್ವಾಲಿಟಿ ಕೊಟ್ಟರೂ ಎರಡು ಫೋಟೋಗಳ ತೂಕ ಒಂದೇ ಬರುವುದಿಲ್ಲ. ಬೆಳಗ್ಗೆ ನಂದಿ ಬೆಟ್ಟದ ಮೇಲಿಂದ ತೆಗೆದ ಮಂಜಿನ ಫೋಟೋ 1200 ಪಿಕ್ಸೆಲ್‌ಗೆ ಬಂದರೆ ತೀರಾ ಹಗುರ. ಹೂವಿನ ಮಾರುಕಟ್ಟೆಯಲ್ಲಿ ಸುರಿದ ಸೇವಂತಿ ರಾಶಿಯದ್ದು ಅದಕ್ಕಿಂತ ಹಲವು ಪಟ್ಟು ಭಾರ. ಮಂಜಿನಲ್ಲಿ ಅಕ್ಕಪಕ್ಕದ ಚುಕ್ಕೆಗಳೆಲ್ಲ ಒಂದೇ ಥರ ಇರುತ್ತವೆ, ಜೆಪೆಗ್‌ಗೆ ಒತ್ತಿ ಇಡುವುದು ಸಲೀಸು. ಸೇವಂತಿಯಲ್ಲಿ ಎಸಳು ಎಸಳಿಗೂ ಬೆಳಕು ನೆರಳು ಬೇರೆ. ಆದ್ದರಿಂದ "ಎಲ್ಲ ಫೋಟೋನೂ 200 ಕೆಬಿ ಇರಬೇಕು" ಅಂತ ಹಟ ಹಿಡಿಯಬೇಡಿ. ಕ್ವಾಲಿಟಿ ಒಂದೇ ಇರಲಿ, ಕೆಬಿ ಎಷ್ಟು ಬರುತ್ತದೋ ಬರಲಿ.

ಕ್ವಾಲಿಟಿ 100 ಇಡುವುದು ಸುಮ್ನೆ ದಂಡ. 100ರಿಂದ 85ಕ್ಕೆ ಇಳಿದರೆ ತೂಕ ಅರ್ಧಕ್ಕಿಂತ ಕಡಿಮೆಯಾಗುವುದುಂಟು, ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ. 50ಕ್ಕಿಂತ ಕೆಳಗೆ ಹೋದರೆ ಹಾಳಾಗುವುದು ಶುರು. ಜೆಪೆಗ್ ಫೋಟೋವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಮಾಡಿಕೊಂಡು ಒತ್ತುತ್ತದೆ. ತೀರಾ ಜಾಸ್ತಿ ಒತ್ತಿದಾಗ ಆ ಚೌಕಗಳೇ ಹೊರಗೆ ಕಾಣುತ್ತವೆ. ಮೊದಲು ಕಾಣುವುದು ಆಕಾಶದಲ್ಲಿ. ನಯವಾಗಿ ಬಣ್ಣ ಬದಲಾಗಬೇಕಾದ ಕಡೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬೀಳುತ್ತದೆ. ಸೂರ್ಯೋದಯದ ಫೋಟೋ ಕುಗ್ಗಿಸುವಾಗ ಸೂರ್ಯನನ್ನು ನೋಡಬೇಡಿ, ಅದರ ಸುತ್ತಲಿನ ಆಕಾಶ ನೋಡಿ.

ತೂಕ ಇನ್ನೂ ಇಳಿಯಬೇಕು ಅಂದರೆ ಕ್ವಾಲಿಟಿಯನ್ನು 30ಕ್ಕೆ ಎಳೆಯುವ ಬದಲು ಪಿಕ್ಸೆಲ್ ಕಡಿಮೆ ಮಾಡಿ. 1600 ಇದ್ದದ್ದನ್ನು 1200 ಮಾಡಿ, ಕ್ವಾಲಿಟಿ 75ರಲ್ಲೇ ಇರಲಿ. ಚಿಕ್ಕದಾದರೂ ಶುದ್ಧವಾಗಿರುವ ಫೋಟೋ, ದೊಡ್ಡದಾಗಿ ಕಲೆಸಿಹೋದ ಫೋಟೋಗಿಂತ ಎಷ್ಟೋ ವಾಸಿ.

ಜಾಲಂಧ್ರ, ಸೀರೆ ಅಂಚು, ಮತ್ತು ಅಲೆ ಅಲೆ

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋದವರು ಕಲ್ಲಿನ ಜಾಲಂಧ್ರದ ಕಿಟಕಿಗಳ ಫೋಟೋ ತೆಗೆಯದೆ ಬರುವುದಿಲ್ಲ. ಕಲ್ಯಾಣಿಯ ಮೆಟ್ಟಿಲ ಸಾಲು ಇನ್ನೊಂದು. ಇಂಥ ಒತ್ತೊತ್ತಾಗಿ ಒಂದೇ ಥರ ಸಾಗುವ ಗೆರೆ, ತೂತುಗಳ ಫೋಟೋವನ್ನು ಕುಗ್ಗಿಸಿದಾಗ ಇಲ್ಲದ ಅಲೆಗಳು ಮೂಡಬಹುದು. ರೇಷ್ಮೆ ಸೀರೆಯ ಸಣ್ಣ ಚೌಕಳಿಯಲ್ಲೂ ಇದೇ ಕಥೆ. ಮೆಟ್ಟಿಲ ಅಂಚು ಗರಗಸದ ಹಲ್ಲಿನ ಹಾಗೆ ಕಾಣಿಸುತ್ತದೆ.

ಕುಗ್ಗಿಸುವ ವಿಧಾನ ಸರಿಯಿಲ್ಲದಿದ್ದರೆ ಹೀಗಾಗುತ್ತದೆ. ಕೆಲವು ಸಾಧನಗಳು ನಡುನಡುವಿನ ಚುಕ್ಕೆಗಳನ್ನು ಸುಮ್ಮನೆ ಎತ್ತಿ ಎಸೆಯುತ್ತವೆ. ಒಳ್ಳೆಯವು ಸುತ್ತಲಿನ ಚುಕ್ಕೆಗಳನ್ನು ಬೆರೆಸಿ ಹೊಸ ಚುಕ್ಕೆ ಮಾಡುತ್ತವೆ. ಸ್ಕ್ವೂಶ್‌ನಲ್ಲಿ "ಮೆಥಡ್" ಅನ್ನುವ ಕಡೆ "ಲ್ಯಾಂಜೋಸ್" ಇರಲಿ. ಜಿಂಪ್‌ನಲ್ಲಾದರೆ "ಕ್ಯೂಬಿಕ್" ಅಥವಾ ಅದಕ್ಕಿಂತ ಉತ್ತಮವಾದದ್ದು ಆರಿಸಿ, "ನನ್" (None) ಅಂತ ಇರುವುದನ್ನು ಮುಟ್ಟಬೇಡಿ. ಆದರೂ ಅಲೆ ಬಂದರೆ ಅಳತೆಯನ್ನು ಸ್ವಲ್ಪ ಬದಲಿಸಿ ನೋಡಿ. 1200ರಲ್ಲಿ ಬಂದದ್ದು 1350ರಲ್ಲಿ ಬಾರದೇ ಇರಬಹುದು.

ಕುಗ್ಗಿಸಿದ ಫೋಟೋ ಸ್ವಲ್ಪ ಮಂಕಾಗಿ ಕಾಣುವುದು ಸಹಜ. ಕೊನೆಗೆ ಚೂರು ಶಾರ್ಪ್ ಮಾಡಿದರೆ ಕಲ್ಲಿನ ಕೆತ್ತನೆ ಎದ್ದು ಬರುತ್ತದೆ. ಕುಗ್ಗಿಸುವ ಮೊದಲು ಶಾರ್ಪ್ ಮಾಡಿ ಪ್ರಯೋಜನವಿಲ್ಲ. ಜಾಸ್ತಿ ಮಾಡಿದರೆ ಕಂಬದ ಸುತ್ತ ಬಿಳಿ ಗೆರೆ ಬರುತ್ತದೆ, ಅಲ್ಲಿಗೆ ನಿಲ್ಲಿಸಿ.

ಅಕ್ಷರ ಇರುವ ಫೋಟೋ

ಪಹಣಿ, ಮಣ್ಣು ಪರೀಕ್ಷೆಯ ಚೀಟಿ, ಔಷಧಿ ಡಬ್ಬಿಯ ಲೇಬಲ್, ಮದುವೆ ಕಾಗದ. ಇವುಗಳಲ್ಲಿ ಅಕ್ಷರ ಓದಲು ಬರಬೇಕು, ಅಷ್ಟೇ. ಕನ್ನಡ ಅಕ್ಷರ ಕುಗ್ಗಿದಾಗ ಮೊದಲು ಕೆಡುವುದು ಒತ್ತಕ್ಷರ. ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತದೆ, ನಾಲ್ಕೈದು ಪಿಕ್ಸೆಲ್‌ಗೆ ಇಳಿದರೆ ಬರೀ ಕಪ್ಪು ಚುಕ್ಕೆ. ಆಮೇಲೆ ದೀರ್ಘ ಹೋಗುತ್ತದೆ. ಇಂಗ್ಲಿಷ್ ಅಕ್ಷರ ಚೆನ್ನಾಗಿ ಕಾಣುವ ಅಳತೆಯಲ್ಲೂ ಕನ್ನಡ ಕೈಕೊಡಬಹುದು. ಹಾಗಾಗಿ ಪರೀಕ್ಷೆ ಮಾಡುವಾಗ ಪುಟದಲ್ಲಿ ಅತಿ ಚಿಕ್ಕ ಒತ್ತಕ್ಷರ ಎಲ್ಲಿದೆಯೋ ಅಲ್ಲಿಗೇ ಝೂಮ್ ಮಾಡಿ ನೋಡಿ.

ಎ4 ಹಾಳೆಯ ಉದ್ದದ ಬದಿ 1600ಕ್ಕಿಂತ ಕಡಿಮೆ ಮಾಡಬೇಡಿ, ಸಣ್ಣ ಅಕ್ಷರ ಇದ್ದರೆ 2000 ಇರಲಿ. ಒಂದೇ ಸಾಲು ತೋರಿಸಬೇಕಾದರೆ ಆ ಸಾಲನ್ನೇ ಕತ್ತರಿಸಿ. ಸ್ಕ್ರೀನ್‌ಶಾಟ್ ಆದರೆ ಪಿಎನ್‌ಜಿ ಅನ್ನುವ ಫೈಲ್ ರೂಪದಲ್ಲೇ ಬಿಡಿ. ಜೆಪೆಗ್ ಮಾಡಿದರೆ ಅಕ್ಷರದ ಸುತ್ತ ಧೂಳು ಕೂತಂತೆ ಆಗುತ್ತದೆ. ಪಿಎನ್‌ಜಿ ಏನನ್ನೂ ಬಿಸಾಡುವುದಿಲ್ಲ, ಬರೀ ಅಕ್ಷರ ಮತ್ತು ಒಂದೇ ಬಣ್ಣದ ಹಿನ್ನೆಲೆ ಇದ್ದರೆ ತೂಕವೂ ಜಾಸ್ತಿ ಆಗುವುದಿಲ್ಲ. ಕ್ಯಾಮೆರಾ ಫೋಟೋವನ್ನು ಪಿಎನ್‌ಜಿ ಮಾಡಿದರೆ ಮಾತ್ರ ಅದು ಮೂಲಕ್ಕಿಂತ ಎಷ್ಟೋ ಪಟ್ಟು ಭಾರವಾಗುತ್ತದೆ.

ಸರ್ವೆ ನಂಬರು, ಆಧಾರ್ ನಂಬರು ಮುಚ್ಚಬೇಕಾದರೆ ಗಟ್ಟಿ ಕಪ್ಪು ಚೌಕ ಹಾಕಿ ಮುಚ್ಚಿ. ಹೈಲೈಟರ್ ಪೆನ್ನಿನಿಂದ ಗೀಚಿದರೆ ಬೆಳಕು ಹೆಚ್ಚಿಸಿದವರಿಗೆ ಕೆಳಗಿನ ಅಂಕಿ ಕಾಣಬಹುದು.

ಅರ್ಜಿಗೆ ಹಾಕುವ ಫೋಟೋ

ಇದು ಬೇರೆಯದೇ ಆಟ, ಏಕೆಂದರೆ ಇಲ್ಲಿ ಅಳತೆ ಅವರು ಹೇಳಿದ್ದೇ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗಳ ಸೂಚನೆಯಲ್ಲಿ ಫೋಟೋ 200×230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ ಅಂತ ಇರುತ್ತದೆ. ಬೇರೆ ಪರೀಕ್ಷೆಗಳಿಗೆ ಬೇರೆ. ಆ ವರ್ಷದ ಅಧಿಸೂಚನೆ ಓದಿಯೇ ಮುಂದೆ ಹೋಗಿ.

ಗಮನಿಸಿ, ಕೆಳಗಿನ ಮಿತಿಯೂ ಇದೆ. ತೀರಾ ಕುಗ್ಗಿಸಿ 12 ಕೆಬಿ ಮಾಡಿದರೆ ಅದೂ ತಿರಸ್ಕಾರ. ಕ್ವಾಲಿಟಿ ಮೇಲೆ ಕೆಳಗೆ ಮಾಡುವ ಅವಕಾಶ ಬೇಕಾಗುವುದು ಇಲ್ಲೇ. ಪೇಂಟ್‌ನಲ್ಲಿ ಅಳತೆ ಸರಿ ಮಾಡಿ, ಪಿಎನ್‌ಜಿ ಆಗಿ ಸೇವ್ ಮಾಡಿಕೊಂಡು, ಸ್ಕ್ವೂಶ್‌ನಲ್ಲಿ ತೆರೆದು ಕ್ವಾಲಿಟಿ ಏರಿಸಿ ಇಳಿಸಿ ಮಿತಿಯೊಳಗೆ ತನ್ನಿ.

ಅಳತೆ ಸರಿ ಮಾಡುವ ಉಪಾಯ ಹೀಗಿದೆ. ನೇರವಾಗಿ 200×230 ಅಂತ ಒತ್ತಿದರೆ ಮುಖ ಜಗ್ಗುತ್ತದೆ. ಮೊದಲು ಅದೇ ಪ್ರಮಾಣದಲ್ಲಿ ಕತ್ತರಿಸಬೇಕು. ಪೇಂಟ್‌ನಲ್ಲಿ ಸೆಲೆಕ್ಟ್ ತೆಗೆದುಕೊಂಡು ಮುಖದ ಸುತ್ತ ಎಳೆಯುವಾಗ ಕೆಳಗಿನ ಪಟ್ಟಿಯಲ್ಲಿ ಎಳೆದ ಜಾಗದ ಅಳತೆ ಓಡುತ್ತಿರುತ್ತದೆ. 1000×1150 ಬಂದಾಗ ಕೈ ಬಿಡಿ, ಕ್ರಾಪ್ ಒತ್ತಿ. ಈಗ 200ಕ್ಕೆ ಇಳಿಸಿದರೆ ಎತ್ತರ ತಾನಾಗಿ 230. ಫೋಟೋ ಅಷ್ಟು ದೊಡ್ಡದಿಲ್ಲದಿದ್ದರೆ 600×690 ಆಗಬಹುದು. ಸಹಿಗೆ 700×300. ಸಹಿಯನ್ನು ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಮಾಡಿ, ಕಿಟಕಿ ಬೆಳಕಿನಲ್ಲಿ ಕೈ ನೆರಳು ಬೀಳದ ಹಾಗೆ ತೆಗೆಯಿರಿ. ಕೊನೇ ದಿನ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಅಲ್ವಾ?

ವಾಟ್ಸ್‌ಆಪ್ ತಾನೇ ಕುಗ್ಗಿಸುತ್ತದೆ

ಮಾಮೂಲಿ ಫೋಟೋ ಅಂತ ಕಳಿಸಿದರೆ ವಾಟ್ಸ್‌ಆಪ್ ಅದನ್ನು ತಾನೇ ಕುಗ್ಗಿಸಿ ಕಳಿಸುತ್ತದೆ. ಬೆಟ್ಟದ ಫೋಟೋಗೆ ಅದು ಸಾಕು, ನೀವು ಏನೂ ಮಾಡಬೇಕಿಲ್ಲ. 2023ರಿಂದ ಕಳಿಸುವ ಮೊದಲು ಮೇಲೆ "ಎಚ್‌ಡಿ" ಬಟನ್ ಸಿಗುತ್ತದೆ, ಅದು ಕೊಂಚ ಉತ್ತಮ. ಮೂಲ ಹಾಗೇ ತಲುಪಬೇಕಾದರೆ ಪೇಪರ್ ಕ್ಲಿಪ್ ಒತ್ತಿ "ಡಾಕ್ಯುಮೆಂಟ್" ಆಗಿ ಕಳಿಸಿ.

ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕಳಿಸಿದ ವಾಟ್ಸ್‌ಆಪ್ ಫೋಟೋವನ್ನು ಇಳಿಸಿಕೊಂಡು ಮತ್ತೆ ಕುಗ್ಗಿಸಬೇಡಿ. ತೆಗೆದವರನ್ನೇ ಕೇಳಿ ಮೂಲ ತರಿಸಿಕೊಳ್ಳಿ.

ಡಾಕ್ಯುಮೆಂಟ್ ಆಗಿ ಕಳಿಸಿದಾಗ ಫೋಟೋ ತೆಗೆದ ಜಾಗದ ವಿವರವೂ ಜೊತೆಗೆ ಹೋಗುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೋದೊಳಗೆ ಅಕ್ಷಾಂಶ ರೇಖಾಂಶ ಬರೆದಿರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಫೋಟೋವನ್ನು ಮೇಲಕ್ಕೆ ಸರಿಸಿದರೆ ನಕ್ಷೆಯೇ ಬರುತ್ತದೆ. ತೋಟದಲ್ಲಿ ಶ್ರೀಗಂಧ ಬೆಳೆಸಿದವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಮರ ಎಷ್ಟು ದಪ್ಪ ಆಗಿದೆ ಅಂತ ಪರಿಚಯವಿಲ್ಲದವರಿಗೆ ಫೋಟೋ ತೋರಿಸುವಾಗ ಮರ ಎಲ್ಲಿದೆ ಅನ್ನುವುದನ್ನೂ ಕೊಟ್ಟಂತೆ ಆಗಬಾರದು. ವಿಂಡೋಸ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಅದರ ಕೆಳಗೆ "ರಿಮೂವ್ ಪ್ರಾಪರ್ಟೀಸ್ ಆಂಡ್ ಪರ್ಸನಲ್ ಇನ್ಫರ್ಮೇಶನ್". ಅದಕ್ಕಿಂತ ಸುಲಭ ಅಂದರೆ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ ತೆಗೆಯುವುದು.

ನೂರಾರು ಫೋಟೋ ಇದ್ದಾಗ

ಶಿವರಾತ್ರಿಗೆ ನಂದಿ ಜಾತ್ರೆಯ ತೇರಿನ ಫೋಟೋ ಇನ್ನೂರು ಇದ್ದರೆ ಒಂದೊಂದೇ ಕುಗ್ಗಿಸಿ ಮುಗಿಯುತ್ತದಾ? ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನವರದೇ ಪವರ್‌ಟಾಯ್ಸ್ ಅನ್ನುವ ಸಾಧನ ಉಚಿತವಾಗಿ ಸಿಗುತ್ತದೆ. ಹಾಕಿಕೊಂಡ ಮೇಲೆ ಫೋಟೋಗಳನ್ನೆಲ್ಲ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಮಾಡಿದರೆ ಇಮೇಜ್ ರೀಸೈಜರ್ ಬರುತ್ತದೆ. ಅಳತೆ ಕೊಟ್ಟು ಒತ್ತಿದರೆ ಎಲ್ಲಕ್ಕೂ ಒಂದೇ ಸಲಕ್ಕೆ ಕಾಪಿ ತಯಾರು. ಮೂಲದ ಮೇಲೆಯೇ ಮಾಡುವ ಟಿಕ್ ಒಂದು ಅಲ್ಲಿದೆ, ಅದು ಖಾಲಿ ಇರಲಿ.

ಮೇಲ್‌ನಲ್ಲಿ ಕಳಿಸುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ತಲಾ 4 ಎಂಬಿಯ ಹನ್ನೆರಡು ಫೋಟೋ ಸೇರಿದರೆ 48 ಎಂಬಿ, ಹೋಗುವುದಿಲ್ಲ. ತಲಾ 400 ಕೆಬಿ ಮಾಡಿದರೆ 5 ಎಂಬಿ ಕೂಡ ಆಗುವುದಿಲ್ಲ.

ಕುಗ್ಗಿಸಿದ ಮೇಲೆ ಕೆಲವು ಫೋಟೋ ಅಡ್ಡ ತಿರುಗಿಕೊಂಡಿರಬಹುದು. ಫೋನ್ ಉದ್ದಕ್ಕೆ ಹಿಡಿದು ತೆಗೆದ ಫೋಟೋದಲ್ಲಿ "ಇದನ್ನು ತಿರುಗಿಸಿ ತೋರಿಸು" ಅನ್ನುವ ಸೂಚನೆ ಒಳಗೆ ಇರುತ್ತದೆ. ಆ ಸೂಚನೆ ಅಳಿಸಿಹೋದರೆ ತೇರು ಮಲಗುತ್ತದೆ. ಅಂಥವನ್ನು ಮಾತ್ರ ತೆರೆದು ರೊಟೇಟ್ ಒತ್ತಿ ಸೇವ್ ಮಾಡಿ.

ಕುಗ್ಗಿಸಲೇಬಾರದ ಫೋಟೋ

ಪ್ರಿಂಟ್‌ಗೆ ಹೋಗುವುದನ್ನು ಮುಟ್ಟಬೇಡಿ. 4×6 ಇಂಚಿನ ಒಳ್ಳೆ ಪ್ರಿಂಟ್‌ಗೆ 1200×1800 ಪಿಕ್ಸೆಲ್ ಬೇಕು, ಎ4ಗೆ 2480×3508. ಫ್ಲೆಕ್ಸ್ ಮಾಡಿಸುವವರು ಮಾಡುವ ಕೆಲಸ ನೋಡಿದರೆ ನಗು ಬರುತ್ತದೆ. ವಾಟ್ಸ್‌ಆಪ್ ಡಿಪಿಯಿಂದ ಹುಡುಗನ ಮುಖ ಎತ್ತಿ, ಹತ್ತು ಅಡಿಗೆ ಹಿಗ್ಗಿಸಿ, ಮುಖವೆಲ್ಲ ಚೌಕ ಚೌಕ ಆಗಿ, "ಅಂಗಡಿಯವನು ಸರಿಯಾಗಿ ಮಾಡ್ಲಿಲ್ಲ" ಅನ್ನುತ್ತಾರೆ. ಅಂಗಡಿಗೆ ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಪೆನ್‌ಡ್ರೈವ್‌ನಲ್ಲಿ ಕೊಡಿ. ಕತ್ತರಿಸುವುದು, ಕುಗ್ಗಿಸುವುದು ಎಲ್ಲ ಅವರೇ ಮಾಡಿಕೊಳ್ಳುತ್ತಾರೆ.